ಜೊಂಡಿನ ಗೀಜಗ

ಖಾಸೀಂಬಿ ಬಾಗಿಲಲ್ಲೇ ಕುಸಿದು ಕೂತಾಗ ನಾವು ಚಹಾ ಕುಡಿಯುತ್ತಿದ್ದೆವು. ನಾವೆಂದರೆ ಮುಮತಾಜ ಎಂಬ ನಾನು ಮತ್ತು ನೆರೆಮನೆಯ ಶಿವಕಾಂತಾ. ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ಹಕ್ಕಿ ನೋಡುವುದು, ನಮ್ಮೂರು ಸರಸಂಬಾದ ಕಳವುಗಳಲ್ಲಿ ಮೂಗು ತೂರಿಸುವುದು ಅವಳ ಉದ್ಯೋಗ. ಬೈಯುತ್ತಲೇ ಬೆನ್ನಿಗೆ ಹೋಗುವುದು ನನ್ನದು.

"ನನ್ನ ಮಗ ಮಸೂದಗ ಊರ ಕಟ್ಟಿ ಮ್ಯಾಲ ಕಳ್ಳ ಅಂದ್ರು, ಟೀಚರ್ರ. ಸಂಜಿಗೆ ಪೊಲೀಸರಿಗೆ ಕೊಡ್ತಾರಂತ," ಎಂದಳು ಖಾಸೀಂಬಿ.

ಜಗದೇವಪ್ಪ ಸಾಹುಕಾರರ ಬಾವಿಯ ಪಂಪು ಕಳವಾಗಿತ್ತು. ಅದನ್ನೆತ್ತಲು ಕಳ್ಳ ಬಾವಿಯ ಮೇಲೆ ಬಾಗಿದ್ದ ಜಾಲಿಯ ಕೊಂಬೆ ಕಡಿದಿದ್ದ. ಅದಕ್ಕೆ ಜೋತಿದ್ದ ಗೀಜಗನ ಗೂಡುಗಳೆಲ್ಲ ಬಾವಿಗೆ ಬಿದ್ದು ನೆನೆದಿದ್ದವು. ಕಳ್ಳನ ಗಾಡಿಯಲ್ಲಿ ಗೂಡಿನ ಹುಲ್ಲಾದರೂ ಸಿಕ್ಕೀತು ಎಂದು ಸಾಹುಕಾರರು ಮನೆಯವರೆದುರು ಅಂದಿದ್ದರು. ಆ ಮಾತು ಕೇಳಿ ಹೋಗಿದ್ದ ಅವರ ಅಣ್ಣನ ಮಗ ಅರುಣಕುಮಾರ ಮರುದಿನ, ಅಂದರೆ ಈ ಬೆಳಿಗ್ಗೆ, ಅಫಜಲಪುರದ ಕಡೆ ಭೀಮಾ ದಂಡೆಯ ತನ್ನ ಕಬ್ಬಿನ ಹೊಲದಿಂದ ಬಂದವನೇ, ಪಂಪ್ ಮೆಕ್ಯಾನಿಕ್ ಮಸೂದನ ಟಂಟಂ ಆಟೋದಲ್ಲಿ ಇಡೀ ಗೂಡನ್ನೇ ಹುಡುಕಿ ತೆಗೆದ.

ಶಿವಕಾಂತಾ ಬಾವಿಗೆ ಹೋಗಿ, ಜಾಲಿಯ ಕೈಗೆಟುಕದ ಕೊಂಬೆಯಲ್ಲಿ ಉಳಿದಿದ್ದ ಗೂಡನ್ನು ನೋಡಿದಳು. ಉದ್ದ ಕೊಳವೆಯಂಥ ಬಾಯಿ. ಮಸೂದನ ಟಂಟಂನಲ್ಲಿ ಸಿಕ್ಕದ್ದು ದುಂಡಗಿತ್ತು, ಬಾಯಿ ಮೋಟು, ನೆತ್ತಿಯಲ್ಲಿ ಇನ್ನೂ ಬಾಡದ ಜೊಂಡಿನ ಎಲೆ ಹೆಣೆದಿತ್ತು. ಅವಳು ಅದನ್ನು ಎಲ್ಲರೆದುರು ಮೂಸಿಯೂ ನೋಡಿದಳು, ನನಗೇ ನಾಚಿಕೆಯಾಯಿತು. ಆಮೇಲೆ ಸಾಹುಕಾರರನ್ನು ಅವರದೇ ಜೀಪು ಹತ್ತಿಸಿಕೊಂಡು ಹೊರಟೇಬಿಟ್ಟಳು.

ಸಂಜೆ ಬಾವಿಯ ಹತ್ತಿರ ಎಲ್ಲರನ್ನೂ ಕೂಡಿಸಿದಳು. ಜೀಪಿನಲ್ಲಿ ಪಂಪು ಇತ್ತು.

"ಇವು ದಾಯಾದಿ ಹಕ್ಕಿ ಅದಾವ್ರಿ," ಎಂದಳು. "ಎರಡಕ್ಕೂ ತಲಿ ಹಳದಿ, ನಾವು ಎರಡಕ್ಕೂ ಗೀಜಗ ಅಂತೇವಿ. ಬಾವಿ ಮ್ಯಾಲಿಂದು ಜಾಲಿಗೆ ಗೂಡು ಜೋತು ಬಿಡ್ತದ. ಇನ್ನೊಂದಕ್ಕ ಎದಿ ತುಂಬ ಕಪ್ಪು ಗೆರಿ, ಅದು ನೀರಾಗಿನ ಜೊಂಡಿಗೇ ಗೂಡು ಕಟ್ತದ. ನಮ್ಮೂರಾಗ ಜೊಂಡು ಎಲ್ಲಿ ಅದರಿ? ಹೊಳಿ ದಂಡಿಗೇ ಹೋಗಬೇಕು."

ಮುಂದಿನದನ್ನು ಒಂದೊಂದಾಗಿ ಬಿಡಿಸಿದಳು. ಬಾವಿಯ ಗೂಡು ನೆನೆದು ಹೋಗಿದ್ದರಿಂದ ಮಸೂದನ ಮೇಲೆ ಹೊರಿಸಲು ಕಳ್ಳನಿಗೆ ಬೇರೆ ಗೂಡು ಬೇಕಾಯಿತು. ಎಲೆ ಬಾಡಿರಲಿಲ್ಲ, ಅಂದರೆ ಅದು ಆ ಬೆಳಿಗ್ಗೆಯೇ ಹೊಳೆಯಿಂದ ಬಂದದ್ದು. ಆ ಬೆಳಿಗ್ಗೆ ಹೊಳೆಯಿಂದ ಬಂದವನು ಗೂಡು ಹುಡುಕಿದವನೇ. ಜೀಪು ಅಲ್ಲಿಗೆ ಹೋದಾಗ ಅವನ ಹೊಲದಂಚಿನ ಜೊಂಡಿನಲ್ಲಿ ಗೆರೆ ಎದೆಯ ಹಕ್ಕಿಗಳ ಕೆಳಗೆ ಸಾಹುಕಾರರ ಪಂಪು ಓಡುತ್ತಿತ್ತು.

ಅರುಣಕುಮಾರ ತಲೆ ತಗ್ಗಿಸಿ, ತನ್ನ ಪಂಪು ಸುಟ್ಟಿತ್ತು, ಕಾಕಾ ಕೇಳಿದರೆ ಕೊಡುತ್ತಿರಲಿಲ್ಲ ಎಂದ. ಸಾಹುಕಾರರು ಅವನತ್ತ ನೋಡಲಿಲ್ಲ. "ಪಂಪ್ ತಿರುಗಿ ಬಾವಿಗೆ ನೀನೇ ಕೂಡಸಪಾ," ಎಂದರು ಮಸೂದನಿಗೆ.

"ಕೂಡಸ್ತೇನ್ರಿ. ಕಳ್ಳ ಅಂದಿದ್ದು ಕಟ್ಟಿ ಮ್ಯಾಲಲ್ರಿ? ಮೊದಲ ಅಲ್ಲಿ ಬಂದು ಕಳ್ಳ ಅಲ್ಲ ಅನ್ರಿ."

ಸಾಹುಕಾರರು ಚಪ್ಪಲಿ ಮೆಟ್ಟಿ ಕಟ್ಟೆಯ ಕಡೆ ಹೊರಟರು. ಖಾಸೀಂಬಿ ಸೆರಗು ಸರಿಮಾಡಿಕೊಂಡು ಅವರಿಗಿಂತ ಮುಂದೆ ನಡೆದಳು.