ಎರಡು ಸಲ ಸುಟ್ಟ ರೆಗ್ಯುಲೇಟರ್

ಹಳೆಯ ಮೋಟಾರ್ ಸೈಕಲ್ಲಿಗೆ ರೆಗ್ಯುಲೇಟರ್ ಕೇಳಿಕೊಂಡು ಬಂದವರಿಗೆ ನಾನು ಮೂರು ಬೆಲೆ ಹೇಳುತ್ತೇನೆ. ಗುಜರಿಯಿಂದ ಕಳಚಿ ತಂದದ್ದು ಮುನ್ನೂರು. ಎಷ್ಟು ಕಾಲ ಬಾಳುತ್ತದೋ ಕಳಚಿದವನಿಗೂ ಗೊತ್ತಿಲ್ಲ. ಹೆಸರಿಲ್ಲದ ಡಬ್ಬಿಯಲ್ಲಿ ಬರುವ ಹೊಸದು ಐನೂರು. ನೋಡಲು ಚೆಂದ, ಕೈಗೆ ಹಗುರ, ಆ ಹಗುರವೇ ಅದರ ರೋಗ. ಗಾಡಿಯ ವೋಲ್ಟು, ವೈರು ಎಲ್ಲ ವಿಚಾರಿಸಿ ಹೊಂದಿಸಿ ಕೊಡುವ ಸರಿಯಾದದ್ದು ಸಾವಿರದ ಎಂಟುನೂರು. ಇಂಜಿನ್ ಓಡುವಾಗ ಹುಟ್ಟುವ ಕರೆಂಟು ಹದ ಮೀರಿ ಬ್ಯಾಟರಿಗೆ ಹೋಗದಂತೆ ನೋಡಿಕೊಳ್ಳುವುದು ಈ ಅಂಗೈಯಗಲದ ಡಬ್ಬಿಯ ಕೆಲಸ. ಹೆಚ್ಚಾದ ಕರೆಂಟನ್ನು ಅದು ಬಿಸಿಯಾಗಿ ಹೊರಗೆ ಬಿಡುತ್ತದೆ.

ಈ ಸಾವಿರದ ಎಂಟುನೂರರದ್ದೇ ಒಂದೇ ಗಾಡಿಯಲ್ಲಿ ಎರಡು ಸುಟ್ಟುಹೋದಾಗ ನನ್ನ ಅಂಗಡಿಯ ಹೆಸರಿಗೂ ಹೊಗೆಯ ವಾಸನೆ ಹತ್ತಿತು.

ದೂರು ಹೊತ್ತು ಬಂದವರು ಕನ್ನಡಿ ಅಂಗಡಿಯ ಅಮ್ಮ. ನಮ್ಮ ಬೀದಿಯ ಕೊನೆಯಲ್ಲಿ ಗಾಜು ಕತ್ತರಿಸಿ, ಕನ್ನಡಿಗೆ ಚೌಕಟ್ಟು ಹಾಕಿ ಮಾರುವ ಅಂಗಡಿ ಅವರದ್ದು. ಗಂಡ ಹೆಂಡತಿ ಮದುವೆಯಾದಾಗಿನಿಂದ ಅಲ್ಲೇ ದುಡಿದವರು. ಅವರು ನನ್ನ ಮುಖ ನೋಡದೆ, "ನಿಮ್ಮತ್ತೆ ಮನೇಲಿದಾರಾ?" ಅಂದರು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೌಂಟರಿನಲ್ಲಿ ಕೂತು ನಿವೃತ್ತರಾದವರು, ಈಗ ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿದ್ದಾರೆ. ಒಂದು ಒಂಟಿ ಚಪ್ಪಲಿ ನೋಡಿ ಅದರ ಯಜಮಾನನ ನಡಿಗೆ ಹೇಳಬಲ್ಲರು. ಬೀದಿಯಲ್ಲಿ ಏನು ಕಾಣೆಯಾದರೂ ಜನ ಪೊಲೀಸರಿಗಿಂತ ಮೊದಲು ನಮ್ಮ ಮೆಟ್ಟಿಲು ಹತ್ತುತ್ತಾರೆ. ನಾನು ಹಿಂದೆ ಹಿಂದೆ ಹೋಗುತ್ತೇನೆ. ಅತ್ತೆಯ ಕನ್ನಡಕ, ಕೊಡೆ ಹೊರುವುದು ನನ್ನ ಪಾಲಿನ ಕೆಲಸ.

"ಏನು ಕಳೀತಮ್ಮಾ?" ಅತ್ತೆ ಕೇಳಿದರು.

"ಸ್ನೇಹ ಕಳೀತು ಅಕ್ಕಾ," ಅಂದರು ಅಮ್ಮ. "ನಮ್ಮೆಜಮಾನ್ರೂ ಸ್ಪ್ಯಾನರಣ್ಣಾನೂ ಮಾತು ಬಿಟ್ಟಿದಾರೆ. ದಿನಾ ಸಂಜೆ ಅವ್ನು ನಮ್ಮಂಗ್ಡೀಗೆ ಟೀಗೆ ಬರ್ತಿದ್ದ. ನಾನು ಈಗ್ಲೂ ಮೂರು ಲೋಟ ಸೋಸ್ತೀನಿ. ಒಂದು ಆರಿ ತಣ್ಣಗಾಗುತ್ತೆ, ಚೆಲ್ತೀನಿ."

ಸ್ಪ್ಯಾನರಣ್ಣ ಎದುರು ಸಾಲಿನ ಮೆಕ್ಯಾನಿಕ್. ಯಜಮಾನರ ಹಳೆಯ ಗಾಡಿಗೆ ಅವನ ಕೈ ಬಿಟ್ಟು ಬೇರೆ ಕೈ ತಾಗಿರಲಿಲ್ಲ. ಗಾಡಿಯ ಜೊತೆಗೇ ಬಂದಿದ್ದ ರೆಗ್ಯುಲೇಟರ್ ವಯಸ್ಸಾಗಿ ಸತ್ತಾಗ ನನ್ನಿಂದ ಸರಿಯಾದದ್ದೇ ಕೊಂಡು ಅವನೇ ಕೂರಿಸಿದ್ದ. ಭಾನುವಾರ ದಂಪತಿ ಅಮ್ಮನ ತಂಗಿಯ ಊರಿಗೆ ಹೊರಟಾಗ ಅದು ಅರ್ಧ ದಾರಿಯಲ್ಲಿ ಸುಟ್ಟಿತು. ಯಜಮಾನರು ಅದನ್ನು ತಾವೇ ಕಳಚಿ ಸ್ಪ್ಯಾನರಣ್ಣನ ಮೇಜಿನ ಮೇಲೆ ಎಸೆದು, "ಡೂಪ್ಲಿಕೇಟ್ ಹಾಕಿ ಕಾಸು ಹೊಡ್ದಿದೀಯ," ಎಂದು ನಾಲ್ಕು ಜನರೆದುರು ಅಂದುಬಿಟ್ಟರು. ಆಮೇಲೆ ನನ್ನ ಹತ್ತಿರ ಇನ್ನೊಂದು ಕೊಂಡು ತಾವೇ ಕೂರಿಸಿಕೊಂಡರು. ಊರೊಳಗೆ ಚೆನ್ನಾಗಿಯೇ ಓಡಿತು. ಮತ್ತೆ ತಂಗಿಯ ಊರಿಗೆ ಹೊರಟಾಗ ಅದೂ ಸುಟ್ಟಿತು.

"ಈಗ ಯಾರೋ ಬೇಕಂತ್ಲೇ ಕೆಡಿಸ್ತಿದಾರೆ ಅಂತ ಶೆಡ್ಡಿಗೆ ಬೀಗ ಹಾಕಿದಾರೆ. ನಮ್ಮ ಮಗ, ಮಾರ್ಬಿಡೋಣ ಅಂತ ಗಿರಾಕೀನೂ ನೋಡಿದಾನೆ. ಶನಿವಾರ ಬರ್ತಾರೆ. ಗಾಡಿ ಹೋದ್ರೆ ಇವರಿಬ್ರೂ ಮತ್ತೆ ಒಂದಾಗೋಕೆ ನೆಪಾನೇ ಇರಲ್ಲ."

"ಗಾಡಿ ಯಾರ್ಯಾರು ಮುಟ್ಟಿದ್ರು?"

"ಯಾರೂ ಇಲ್ಲ. ಸೀಟು ಎತ್ತಿ ನನ್ನ ಮಳೆಕೋಟು ಇಡೋದು ಬಿಟ್ರೆ ನಂಗಂತೂ ಅದ್ರ ವಿಷಯ ಏನೂ ಗೊತ್ತಿಲ್ಲ."

ಮಾತಾಡುತ್ತಲೇ ಅಮ್ಮ ಕಣ್ಣೊರೆಸಿಕೊಂಡ ಕರವಸ್ತ್ರದ ಇನ್ನೊಂದು ತುದಿಯಿಂದ ನಮ್ಮ ಕಿಟಕಿಯ ಗಾಜಿನ ಬೆರಳಚ್ಚು ಒರೆಸಿದರು. ಹೋಗುವಾಗ ಎರಡನೆಯ ಸುಟ್ಟ ರೆಗ್ಯುಲೇಟರನ್ನು ಮೇಜಿನ ಮೇಲಿಟ್ಟರು.

ಅತ್ತೆ ಅದನ್ನು ಮಗುಚಿದರು. ತಳದಲ್ಲಿ ಬಿಸಿಗೆ ನೀಲಿಗಟ್ಟಿದ ಕಲೆ; ಸ್ಕ್ರೂ ತೂತಿನ ಅಂಚಿಗೆ ಕರಕಲಾದ ಹಸಿರು ನೂಲೆಳೆ.

"ಇದು ನಿನ್ನ ಮಾಲೇ ತಾನೆ?"

"ನನ್ನದೇ. ಇದೇ ಪೆಟ್ಟಿಗೆಯದ್ದು ಬೇರೆ ಗಾಡಿಗಳಿಗೂ ಕೊಟ್ಟಿದೀನಿ ಅತ್ತೆ. ಒಬ್ಬರೂ ವಾಪಸ್ ತಂದಿಲ್ಲ."

"ಹಾಗಾದ್ರೆ ನಿನ್ನ ಮುಖ ಯಾಕೆ ಸೋರೆಕಾಯಿ ಹಾಗಾಗಿದೆ? ಕೊಡೆ ತಗೋ, ನಡಿ."

ಸ್ಪ್ಯಾನರಣ್ಣ ಒಂದು ಚೈನು ತೊಳೆಯುತ್ತಿದ್ದ. ನಮ್ಮನ್ನು ನೋಡಿಯೂ ತಲೆ ಎತ್ತಲಿಲ್ಲ.

"ಆ ಮನೆ ಸುದ್ದಿ ಆದ್ರೆ ನಂಗೆ ಬೇಡಕ್ಕ."

"ಮನೆ ಸುದ್ದಿ ಅಲ್ಲ, ನಿನ್ನ ಕೆಲಸದ ಸುದ್ದಿ. ಹೇಗೆ ಕೂರಿಸಿದ್ದೆ ಹೇಳು."

ಕೆಲಸದ ಮಾತು ಬಂದದ್ದೇ ಅವನು ಕೈ ಒರೆಸಿಕೊಂಡ. "ಹೊಸದಕ್ಕೂ ಗಾಡಿಗೂ ತೂತು ಹೊಂದ್ತಿರ್ಲಿಲ್ಲ. ದಪ್ಪ ಅಲ್ಯೂಮಿನಿಯಂ ತಗಡು ಕತ್ತರಿಸಿ, ಅರ ಹಾಕಿ ಸಮ ಮಾಡಿ, ನಡುವೆ ಬಿಸಿ ಸಾಗಿಸೋ ಬಿಳಿ ಪೇಸ್ಟ್ ಸವರಿ, ಆರು ಮೂಲೆಯ ಎರಡು ಬೋಲ್ಟ್ ಬಿಗಿದೆ. ಡಬ್ಬೀದು ಬಿಸಿಯೆಲ್ಲ ತಗಡಿಗೆ ಇಳೀಬೇಕು, ತಗಡಿಂದ ಗಾಡಿ ಚಾಸಿಗೆ. ಅದಿಲ್ದಿದ್ರೆ ಅದು ಒಲೆ ಮೇಲೆ ಕೂತ ಹಾಗೆ." ಗೂಡಿನಿಂದ ಮೊದಲನೆಯ ಸುಟ್ಟ ಡಬ್ಬಿ ತೆಗೆದು ಕೊಟ್ಟ. "ಎಸೆದು ಹೋದ. ಬಿಸಾಡೋಕೆ ಮನಸ್ಸು ಬರ್ಲಿಲ್ಲ. ತಿರುಗಿಸಿಯೂ ನೋಡಿಲ್ಲ."

ಅತ್ತೆ ತಿರುಗಿಸಿದರು. ತಳ ಬೋಳು. ಪೇಸ್ಟಿನ ಒಂದು ಚುಕ್ಕೆ ಕೂಡ ಇಲ್ಲ, ಸಂದಿನಲ್ಲಿ ಸಹ ಇಲ್ಲ. ಸ್ಪ್ಯಾನರಣ್ಣನ ಮುಖ ಕೆಂಪಾಯಿತು.

"ನಾನು ಹಾಕಿದ್ದೆ ಅಕ್ಕ. ನಂಬಿದ್ರೆ ನಂಬಿ."

"ನಂಬದಿದ್ರೆ ಇಷ್ಟು ದೂರ ಮಂಡಿ ನೋವಿಸ್ಕೊಂಡು ಬರ್ತಿದ್ನಾ?" ಅಂದರು ಅತ್ತೆ.

ನನ್ನ ಅನುಮಾನ ಮಗನ ಮೇಲೆಯೇ ಇತ್ತು. ಅಪ್ಪ ಈ ವಯಸ್ಸಿನಲ್ಲಿ ಗಾಡಿ ಓಡಿಸುವುದು ಬೇಡ ಎಂದು ಅವನು ಹೇಳುತ್ತಲೇ ಇದ್ದ. ಎರಡನೆಯದು ಸುಡುವ ಮೊದಲು ಅವನು ಶೆಡ್ಡಿನಲ್ಲಿ ಸೀಟು ಎತ್ತಿ ಬಗ್ಗಿದ್ದನ್ನು ನಾನೇ ನೋಡಿದ್ದೆ. ಅತ್ತೆ ಅವನನ್ನು ನಮ್ಮ ಅಂಗಡಿಗೆ ಕರೆಸಿ ನೇರವಾಗಿ ಕೇಳಿಬಿಟ್ಟರು.

"ಫೋಟೋ ತೆಗೀತಿದ್ದೆ ಅತ್ತೆ, ಗಿರಾಕಿಗೆ ಕಳ್ಸೋಕೆ," ಅಂದ ಅವನು, ಬೇಜಾರಾದರೂ ಬಿಡದೆ ಫೋನು ಮುಂದೆ ಹಿಡಿದ. "ಅಪ್ಪಂಗೆ ರಾತ್ರಿಯೆಲ್ಲ ಕೈ ಜೋಮು ಹಿಡಿಯುತ್ತೆ, ಹ್ಯಾಂಡಲ್ ಅದುರಿ ಅದುರಿ. ಮಾರು ಅಂದ್ರೆ ನಾನು ವಿಲನ್ನು. ಅಮ್ಮ ನೋಡಿದ್ರೆ ಗಾಡೀನ ಎರಡನೇ ಮಗ ಅಂತಾರೆ."

ಅತ್ತೆ ಫೋಟೋ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಸೀಟಿನ ಕೆಳಗೆ ರೆಗ್ಯುಲೇಟರ್; ಅದನ್ನು ಹಿಡಿದದ್ದು ಆರು ಮೂಲೆ ಬೋಲ್ಟ್ ಅಲ್ಲ. ಪುಟ್ಟ ಗುಮ್ಮಟದಂಥ, ಹೊಳೆಯುವ ಎರಡು ಟೋಪಿ ಸ್ಕ್ರೂ.

"ಇವತ್ತು ಸಂಜೆ ಎಲ್ಲರೂ ಕನ್ನಡಿ ಅಂಗಡಿಗೆ ಬರ್ಲಿ," ಎಂದು ಅತ್ತೆ ನನ್ನತ್ತ ತಿರುಗಿದರು. "ನೀನು ನಿನ್ನ ಮೂರು ಬೆಲೆಯ ಮೂರು ಡಬ್ಬೀನೂ ತಗೊಂಡು ಬಾ ಕಣೇ."

ಆ ಅಂಗಡಿಯೊಳಗೆ ಕಾಲಿಟ್ಟರೆ ಬೀದಿಯ ಗದ್ದಲ ಹೊರಗೇ ಉಳಿಯುತ್ತದೆ. ಗಾಜು ಕತ್ತರಿಸುವ ಮೇಜಿಗೆ, ಗಾಜು ಗೀಚದಂತೆ, ದಪ್ಪ ಹಸಿರು ಉಣ್ಣೆಯ ಫೆಲ್ಟ್ ಬಟ್ಟೆ. ಕುರ್ಚಿಯ ಕಾಲಿಗೂ ಅದೇ ಬಟ್ಟೆಯ ಬಿಲ್ಲೆ, ಗಡಿಯಾರದ ಬೆನ್ನಿಗೂ ಅದೇ. ಲೋಟ ಇಟ್ಟರೂ ಸದ್ದಿಲ್ಲ. ನಾಲ್ಕೂ ಗೋಡೆಗೆ ಕನ್ನಡಿ. ಯಜಮಾನರು ಒಂದು ಮೂಲೆಯಲ್ಲಿ, ಸ್ಪ್ಯಾನರಣ್ಣ ಇನ್ನೊಂದು ಮೂಲೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೂತರು. ಆದರೆ ಎತ್ತ ತಿರುಗಿದರೂ ಕನ್ನಡಿಯಲ್ಲಿ ಅವರ ಕಣ್ಣು ಇವರಿಗೆ ಸಿಗುತ್ತಿತ್ತು. ಅತ್ತೆ ಆ ಜಾಗ ಯಾಕೆ ಆರಿಸಿದರೆಂದು ಆಗ ತಿಳಿಯಿತು.

"ಮೊದಲು ಮಾಲು," ಎಂದು ಅತ್ತೆ ಶುರು ಮಾಡಿದರು. "ಅದೇ ಪೆಟ್ಟಿಗೆಯ ಬೇರೆ ಡಬ್ಬಿಗಳು ಚೆನ್ನಾಗಿ ಓಡ್ತಿವೆ. ಹಾಗಾಗಿ ನಮ್ಮ ಹುಡುಗಿ ಕೊಟ್ಟಿದ್ದು ಸರಿಯಾದದ್ದೇ. ಆಮೇಲೆ ಸ್ಪ್ಯಾನರಣ್ಣ. ಅವನು ಪೇಸ್ಟ್ ಸವರಿ ಆರು ಮೂಲೆ ಬೋಲ್ಟ್ ಹಾಕಿದ್ದ. ಡಬ್ಬಿ ವಾಪಸ್ ಬಂದಾಗ ಪೇಸ್ಟ್ ಇಲ್ಲ. ಫೋಟೋದಲ್ಲಿ ಬೋಲ್ಟೂ ಬೇರೆ. ಅಂದ್ರೆ ಅವನಾದ ಮೇಲೆ ಇನ್ನೊಂದು ಕೈ ಅದನ್ನ ಬಿಚ್ಚಿ ಮತ್ತೆ ಕೂರಿಸಿದೆ."

"ನಾನಲ್ಲ," ಅಂದ ಮಗ.

"ನೀನಲ್ಲ. ಕೆಡಿಸೋನು ತಾನೇ ಅದರ ಫೋಟೋ ಹೊಡೆದು ಊರಿಗೆ ತೋರಿಸಲ್ಲ. ಅಲ್ಲದೆ ಆ ಕೆಲಸ ನೋಡು, ಎಷ್ಟು ಚೊಕ್ಕಟ. ಸ್ಕ್ರೂಗೆ ಟೋಪಿ ಬೇರೆ. ಕೆಡಿಸೋ ಕೈ ಟೋಪಿ ಹಾಕಲ್ಲಪ್ಪ. ಇದು ಪ್ರೀತಿಯ ಕೈ." ಅತ್ತೆ ಎದ್ದು ಗೋಡೆಯ ಕನ್ನಡಿಯ ಮೂಲೆ ಮುಟ್ಟಿದರು. ಅಲ್ಲಿ ಅದೇ ಗುಮ್ಮಟದ ಸ್ಕ್ರೂ ಹೊಳೆಯಿತು. "ಇಂಥ ಉದ್ದದ ಸ್ಕ್ರೂ ಯಾಕೆ ಬೇಕಾಯ್ತು? ನಡುವೆ ದಪ್ಪಗೆ ಏನೋ ಸೇರಿದ್ದಕ್ಕೆ. ಹಸಿರು ನೂಲಿನದ್ದು. ಯಜಮಾನ್ರೇ, ಶೆಡ್ಡಿನ ಬೀಗ ತೆಗೆದು ಸೀಟು ಎತ್ತಿ, ಅಲ್ಲಿರೋದು ತನ್ನಿ."

ಯಜಮಾನರು ಹೋಗಿ ಬಂದರು. ಅವರ ಅಂಗೈಯಲ್ಲಿ ಅಂಚು ಕರಕಲಾದ ಹಸಿರು ಫೆಲ್ಟಿನ ಚೌಕ ಇತ್ತು. ನಾಲ್ಕು ಮೂಲೆಯೂ ಅಳತೆಪಟ್ಟಿ ಇಟ್ಟು ಕತ್ತರಿಸಿದಷ್ಟು ನೇರ.

ಅಮ್ಮನ ಕೈ ಬಾಯಿಗೆ ಹೋಯಿತು.

"ಅದು ನಾನು ಹಾಕಿದ್ದು," ಅಂದರು ಮೆಲ್ಲಗೆ. "ಮಳೆಕೋಟು ಇಡೋಕೆ ಹೋದಾಗ ನೋಡಿದೆ. ತಗಡಿನ ಮೇಲೆ ತಗಡು ಬೋಳಾಗಿ ಕೂತಿತ್ತು. ಅದುರಿದ್ರೆ ಇವರ ಕೈ ಇನ್ನಷ್ಟು ಜೋಮು ಹಿಡಿಯುತ್ತೆ ಅಂತ... ಬಿಚ್ಚಿದ್ರೆ ಬೆಳ್ಳಗೆ ಏನೋ ಮೆತ್ತಿತ್ತು, ಕೊಳೆ ಅಂತ ಒರೆಸ್ದೆ."

"ಅದೇ ಪೇಸ್ಟು," ಅಂದ ಸ್ಪ್ಯಾನರಣ್ಣ, ಗೋಡೆಗೆ ಹೇಳಿದಂತೆ.

"ಬಿಸಿ ಇಳಿಯೋ ದಾರಿಗೆ ಉಣ್ಣೆ ಹೊದಿಸಿದಂಗಾಯ್ತು," ಅಂದರು ಅತ್ತೆ. "ಊರೊಳಗೆ ಹತ್ತು ನಿಮಿಷ ಓಡಿದ್ರೆ ತಡೀತಿತ್ತು. ತಂಗಿ ಊರಿನ ದಾರಿ ಉದ್ದ. ಅಲ್ಲೇ ಎರಡೂ ಸುಟ್ಟಿದ್ದು."

"ನಾನೇ ಕೇಳಿದಾಗ ಯಾರೂ ಮುಟ್ಟಿಲ್ಲ ಅಂದ್ಯಲ್ಲೇ," ಯಜಮಾನರು ಹೆಂಡತಿಯತ್ತ ನೋಡಿದರು.

"ಫೆಲ್ಟ್ ಇಡೋದು ಮುಟ್ಟೋದಾ? ನಿಮ್ಮ ಅಂಗಿಗೆ ಗುಂಡಿ ಹಾಕ್ತೀನಿ, ಅದನ್ನ ಅಂಗಿ ಕೆಡಿಸ್ದೆ ಅಂತೀನಾ?"

"ಅವರನ್ನೇನು ಕೇಳ್ತೀರಿ," ಅಂದರು ಅತ್ತೆ. "ಎರಡನೇದನ್ನ ಕೂರಿಸಿದ್ದು ನೀವು. ಈ ಚೌಕ ಕಾಣ್ಲಿಲ್ವಾ?"

ಯಜಮಾನರು ಅಂಗೈಯ ಚೌಕವನ್ನು ಮಗುಚಿ ನೋಡಿದರು. "ಕಂಡಿತ್ತು. ಅದ್ರ ಮೇಲೇ ಇಟ್ಟು, ಅಲ್ಲಿದ್ದ ಸ್ಕ್ರೂನೇ ಬಿಗಿದೆ. ಇರಬೇಕಾದ್ದೇ ಇದೆ ಅನ್ನಿಸ್ತು. ನಮ್ಮಂಗ್ಡೀಲಿ ಫೆಲ್ಟ್ ಇಲ್ದೆ ಏನಾದ್ರೂ ಇದ್ರೆ ಮಾತ್ರ ನನ್ನ ಕಣ್ಣಿಗೆ ಬೀಳೋದು."

ಕನ್ನಡಿಗಳಲ್ಲಿ ಹತ್ತಾರು ಸ್ಪ್ಯಾನರಣ್ಣರು ಹತ್ತಾರು ಯಜಮಾನರನ್ನು ನೋಡುತ್ತಿದ್ದರು. ಅತ್ತೆ ನನ್ನ ಮೊಣಕೈ ತಿವಿದರು. ನಾನು ಮೂರು ಡಬ್ಬಿಯನ್ನೂ ಮೇಜಿನ ಮೇಲೆ ಸಾಲಾಗಿಟ್ಟೆ.

ಯಜಮಾನರು ಬಂದು ಮೂರನ್ನೂ ನೋಡಿದರು. ಗುಜರಿಯದ್ದನ್ನು ಎತ್ತಿ ಇಟ್ಟರು. ಆಮೇಲೆ ತಿರುಗಿ, ಕನ್ನಡಿಗಲ್ಲ, ಮನುಷ್ಯನಿಗೇ ಕೇಳಿದರು.

"ಯಾವುದು ಹಾಕೋಣ್ವೋ?"

ಸ್ಪ್ಯಾನರಣ್ಣ ತಕ್ಷಣ ಏಳಲಿಲ್ಲ. ಎದ್ದ ಮೇಲೆ ಗುಜರಿಯದ್ದನ್ನು ಪಕ್ಕಕ್ಕೆ ಸರಿಸಿದ. ಐನೂರರದ್ದನ್ನು ಅಂಗೈಯಲ್ಲಿ ತೂಗಿ, "ಇದನ್ನ ಪೇಪರ್ ಮೇಲೆ ಇಟ್ರೆ ಗಾಳಿಗೆ ಎರಡೂ ಹಾರುತ್ತೆ," ಅಂದ. ಮೂರನೆಯದನ್ನು ಎತ್ತಿಕೊಂಡು ಯಜಮಾನರ ಕೈಯಲ್ಲಿಟ್ಟ. "ಇದೇ. ಮೊದಲೂ ಇದನ್ನೇ ಹೇಳಿದ್ದೆ."

"ಹೇಳಿದ್ದೆ," ಅಂದರು ಯಜಮಾನರು. "ನಾನು ಅಂದಿದ್ದು ತಪ್ಪು."

"ಡೂಪ್ಲಿಕೇಟ್ ಅಂದ್ಯಲ್ಲ, ಅದಕ್ಕಲ್ಲ ನಂಗೆ ಬೇಜಾರು. ಎಸೆದ್ಯಲ್ಲ. ಫೆಲ್ಟ್ ಇಲ್ದಿರೋ ಮೇಜಿನ ಮೇಲೆ."

ಮೊದಲು ನಕ್ಕದ್ದು ಅಮ್ಮ, ಕಣ್ಣೀರಿನ ನಡುವೆ. ನಗುತ್ತಲೇ ಒಳಗೆ ಹೋಗಿ ಟೀ ಸೋಸಿ ತಂದರು.

"ಹಾಗಾದ್ರೆ ಶನಿವಾರ ಬರೋ ಗಿರಾಕಿಗೆ ಏನ್ ಹೇಳ್ಲಿ?" ಮಗ ಕೇಳಿದ.

"ಬರ್ಲಿ ಬಿಡೋ," ಅಂದರು ಅಮ್ಮ. "ಒಂದು ಕನ್ನಡಿ ಮಾರಿ ಕಳಿಸ್ತೀನಿ."

ಮರುದಿನ ಸ್ಪ್ಯಾನರಣ್ಣ ಹೊಸದನ್ನು ಪೇಸ್ಟ್ ಸವರಿ ಬೋಳಾಗಿಯೇ ಕೂರಿಸಿದ. ಮಿಕ್ಕ ಫೆಲ್ಟನ್ನು ಅಮ್ಮ ಹ್ಯಾಂಡಲ್ಲಿನ ಹಿಡಿಗೆ ಸುತ್ತಿಕೊಟ್ಟರು. ಅಲ್ಲಿ ಅದು ಯಾರನ್ನೂ ಸುಡುವುದಿಲ್ಲ. ಕೈಯ ಜೋಮು ಕಡಿಮೆಯಾಗಿದೆ ಎಂದು ಮಗನೇ ಒಪ್ಪಿಕೊಂಡ. ಭಾನುವಾರ ದಂಪತಿ ತಂಗಿಯ ಊರು ಮುಟ್ಟಿ, ಕತ್ತಲಾಗುವ ಮುಂಚೆ ವಾಪಸಾದರು.

ಕನ್ನಡಿ ಅಂಗಡಿಗೆ ಎರಡು ರೆಗ್ಯುಲೇಟರ್ ನಷ್ಟವಾಯಿತು. ಮೂರನೆಯದರಲ್ಲಿ ನಾನು ಲಾಭ ಇಟ್ಟುಕೊಳ್ಳಲಿಲ್ಲ, ಆದರೆ ನನ್ನ ಅಂಗಡಿಯ ಹೆಸರು ಉಳಿಯಿತು. ಮಾತಿಲ್ಲದೆ ಕಳೆದ ಸಂಜೆಗಳನ್ನು ಇಬ್ಬರು ಗೆಳೆಯರಿಗೂ ಯಾರಿಂದಲೂ ತಂದುಕೊಡಲಾಗಲಿಲ್ಲ. ಮೂರನೆಯ ಲೋಟದ ಟೀ ಮಾತ್ರ ಈಗ ಆರುವುದಿಲ್ಲ.