ಕೆಳಗಿಳಿದ ಕೇಬಲ್

ಅಕ್ಕನ ಹೊಸ ಮನೆಗೆ ಡಿಶ್ ಕೂರಿಸಿದ ಮಧ್ಯಾಹ್ನ ನಡೆದದ್ದು ಇದು. ನಾನು ತಾರಸಿಯಿಂದ ಗೋಡೆಯೊಳಗಿನ ಪೈಪಿಗೆ ಕೇಬಲ್ ಇಳಿಸುತ್ತಿದ್ದೆ. ಕೆಳಗೆ, ಮಗುವಿನ ತೊಟ್ಟಿಲಿದ್ದ ಕೋಣೆಯಲ್ಲಿ, ಭಾವ ಅದರ ತುದಿ ಹಿಡಿದು ಎಳೆಯಬೇಕಿತ್ತು. ಸ್ವಲ್ಪ ಹೊತ್ತಿಗೆ ಅವರು ಹದವಾಗಿ ಎಳೆಯತೊಡಗಿದರು. ಸುರುಳಿ ಮುಗಿಯುತ್ತಾ ಬಂತು.

“ಸಾಕು ಭಾವ! ಬೀದಿಗೆಲ್ಲ ಹಂಚ್ತೀರಾ?” ಎಂದು ಕೂಗಿದೆ.

ಭಾವ ಕಿಟಕಿಯಿಂದ ತಲೆ ಹೊರಹಾಕಿದರು. “ಏನಪ್ಪಾ ಹಂಚೋದು? ತುದೀನೇ ಇನ್ನೂ ಬಂದಿಲ್ಲ. ಮೇಲೆ ನಿದ್ದೆ ಹೊಡೀತಿದ್ದೀಯಾ?”

ಕೇಬಲ್ ನನ್ನ ಕೈಯಿಂದ ಇಳಿಯುತ್ತಲೇ ಇತ್ತು. ಬಿಗಿಹಿಡಿದೆ, ನಿಂತಿತು. ಆಮೇಲೆ, ಬಿಡು ಎನ್ನುವಂತೆ, ಮೆಲ್ಲಗೆ ಜಗ್ಗಿತು. ಅಷ್ಟು ಬಿಸಿಲಲ್ಲೂ ಅದು ಅಂಗೈಗೆ ತಣ್ಣಗಿತ್ತು.

ಉಳಿದ ತುದಿಯನ್ನು ತಾರಸಿಯ ಕಂಬಿಗೆ ಕಟ್ಟಿ, ಬೇರೆ ಕೇಬಲನ್ನು ಹೊರಗೋಡೆಯ ಮೇಲೆ ಎಳೆದೆವು. ಅಕ್ಕ ತೊಟ್ಟಿಲನ್ನು ಆ ಗೋಡೆಯಿಂದ ದೂರ ಸರಿಸಿದಳು. ಟಿವಿ ಚೆನ್ನಾಗಿ ಬರುತ್ತಿದೆ. ಕಂಬಿಗೆ ಕಟ್ಟಿದ ಕೇಬಲ್ ಇವತ್ತಿಗೂ ಬಿಗಿಯಾಗಿದೆ.