ಕುಂಕುಮವಿಲ್ಲದ ಬಿರಡೆ

೧೯೪೨ರ ನವೆಂಬರ್ ೯, ಸೋಮವಾರ. ಬೆಳಗಿನ ಎಂಟೂ ನಲವತ್ತಕ್ಕೆ ವರ್ತಕ ಕಳಕಪ್ಪ ಕುಷ್ಟಗಿ ಠಾಣೆಯ ಮೆಟ್ಟಿಲು ಹತ್ತಿದ. ಮೈಯೆಲ್ಲ ಧೂಳು, ಬಾಯಲ್ಲಿ ಬೆಂಕಿ.

"ಸಾಹೇಬ್ರ, ನನ್ನ ಮೋಟಾರ್ ಕೊಂದಾರ್ರಿ!"

ಠಾಣೆಯ ಅಧಿಕಾರಿ ಅಮೀನ ಶಫೀಸಾಬ ನೆಟ್ಟಗೆ ಕೂತ. ಹನ್ನೊಂದು ವರ್ಷ ದನದ ಕಳವು, ಬದುವಿನ ಜಗಳ ಬರೆದು ಬೇಸತ್ತವನಿಗೆ ಮೋಟಾರಿನ ಕೇಸು ಸಿಕ್ಕಿದ್ದು ಹಸಿದವನಿಗೆ ಹೋಳಿಗೆ ಸಿಕ್ಕಂತಾಯಿತು. ಖುಷಿಯನ್ನು ಮೀಸೆಯಲ್ಲೇ ಅಡಗಿಸಿಕೊಂಡು ಎಫ್‌ಐಆರ್ ಬರೆದ.

ಊರಿಗೆಲ್ಲ ಇದ್ದವು ಎರಡೇ ಮೋಟಾರು, ಎರಡೂ ಒಂದೇ ಕಂಪನಿಯವು. ಒಂದು ಕಳಕಪ್ಪನದು, ಇನ್ನೊಂದು ಡಾಕ್ಟರ್ ಫಾತಿಮಾಬೀಯವರದು. ಯುದ್ಧದ ದೆಸೆಯಿಂದ ಬಿಡಿಭಾಗ ಸಿಗದೆ ಎಂಟು ತಿಂಗಳು ನಿಂತಿದ್ದ ಡಾಕ್ಟರ ಗಾಡಿ ಹದಿನೈದು ದಿನದಿಂದಷ್ಟೇ ಓಡುತ್ತಿತ್ತು. ಹೆರಿಗೆ ಕಷ್ಟವಾದ ಹಳ್ಳಿ ಹೆಂಗಸರಿಗೆ ಅದೊಂದೇ ಆಸರೆ.

ಹತ್ತೂ ಕಾಲಕ್ಕೆ ಬೇವೂರಿನ ದಾರಿಯಲ್ಲಿ ಪಂಚನಾಮೆ ಶುರುವಾಯಿತು. ಕಳಕಪ್ಪನ ಗಾಡಿಗೆ ಕಲ್ಲು ಬಡಿದು ಎಣ್ಣೆಯೆಲ್ಲ ಸೋರಿ, ಇಂಜಿನ್ ಸುಟ್ಟು ಬಿಗಿದುಕೊಂಡಿತ್ತು.

"ಎಣ್ಣಿ ಒತ್ತಡ ಇಳಿದ್ರ ಮುಂದ ಕೆಂಪು ದೀಪ ಹತ್ತಬೇಕ್ರಿ. ಈ ಹಿತ್ತಾಳಿ ಬಿರಡಿ ಅದನ್ನ ಹತ್ತಸ್ತೈತಿ," ಎಂದು ಕಳಕಪ್ಪ ಇಂಜಿನ್ನಿನ ಪಕ್ಕಕ್ಕೆ ಬೆರಳು ತೋರಿಸಿದ. "ಹತ್ತಲೇ ಇಲ್ಲ!"

ಜವಾನ ಓಬಳೆಪ್ಪ ಬಗ್ಗಿ ನೋಡಿ ನಕ್ಕ. "ಏನ್ರಿ ಇದು, ಇಂಜಿನ್ನಿಗೆ ಮುತ್ತೈದಿ ಸಿಂಗಾರ?"

"ದಸರಾದ ಖಂಡೇ ಪೂಜಿಗೆ ನಮ್ಮ ಮನಿಯಾಕಿ ಗುರುಲಿಂಗಮ್ಮ ಎಣ್ಣ್ಯಾಗ ಕುಂಕುಮ ಕಲಸಿ ಹಚ್ಯಾಳ್ರಿ. ಒಂದ ನಟ್ಟೂ ಬಿಟ್ಟಿಲ್ಲ."

"ಬಿರಡಿಗೆ ಇಲ್ಲಲ್ರಿ?"

ಅಮೀನ ತಾನೂ ಬಗ್ಗಿ ನೋಡಿದ. ಬಿರಡೆ ಬದಲಾಗಿದೆ! ಅದನ್ನು ಬಿಚ್ಚಿ ಜಪ್ತಿ ಮಾಡಿದವನೇ ಕುದುರೆ ಹತ್ತಿದ.

ಮಧ್ಯಾಹ್ನ ಒಂದೂವರೆಗೆ ಡಾಕ್ಟರ ಗಾಡಿಯ ಬಾನೆಟ್ ಎತ್ತಿಸಿದ. ಒರೆಸಿ ಇಟ್ಟ ಇಂಜಿನ್ನಿನಲ್ಲಿ ಒಂದು ಬಿರಡೆಗೆ ಮಾತ್ರ ಕುಂಕುಮ ಮೆತ್ತಿತ್ತು. ಡಾಕ್ಟರ ಡ್ರೈವರ್ ಹನುಮಣ್ಣ ಬಟ್ಟೆ ಹಿಂಡುತ್ತ ನಿಂತಿದ್ದ.

"ಎಲ್ಲಿಂದ ತಂದಿ?"

"ಹೊಸಪೇಟಿಂದ್ರಿ."

"ಹೊಸಪೇಟ್ಯಾಗ ಕುಂಕುಮ ಹಚ್ಚಿ ಮಾರ್ತಾರೇನು?"

ಹನುಮಣ್ಣ ತಲೆ ತಗ್ಗಿಸಿದ. "ಕಳಕಪ್ಪನವರ ಮನಿಮಂದಿ ಸಂತಿಗೆ ಹೋದಾಗ ಬದಲಿ ಮಾಡ್ದೆ ರೀ. ನಮ್ಮ ಕೆಟ್ಟದ್ದು ಅಲ್ಲಿ ಹಾಕ್ದೆ."

ಫಾತಿಮಾಬೀ ಸಿಡಿದೆದ್ದರು. "ಯಾಕ ಮಾಡ್ದಿ? ನಾ ಕೇಳಿದ್ನೇನು?"

ಚಾಲೂ ಮಾಡಿದಾಗ ಆ ಕೆಂಪು ದೀಪ ಹತ್ತಿ ಆರಿದ್ದನ್ನು ನೋಡದೆ ಅವರು ಗಾಡಿ ಹತ್ತುತ್ತಿರಲಿಲ್ಲ. ಹಿಂದೊಮ್ಮೆ ನಡುದಾರಿಯಲ್ಲಿ ಇಂಜಿನ್ ಸುಟ್ಟು, ಒಬ್ಬ ಬಸುರಿ ಅವರ ತೊಡೆಯ ಮೇಲೇ ಪ್ರಾಣ ಬಿಟ್ಟಿದ್ದಳು.

"ಜುಲೈದಾಗ ನನ್ನ ಹೆಂಡ್ತಿ ದುರಗಮ್ಮ ಬೇವೂರಾಗ ಹೆರಾಕ ಆಗಲಾರದ ಸತ್ಲಲ್ರಿ, ಡಾಕ್ಟರ್ ಬಾಯಾರ," ಎಂದ ಹನುಮಣ್ಣ. "ಇನ್ನೊಬ್ಬಾಕಿ ಹಂಗ ಸಾಯಬಾರದು ಅಂತ ಮಾಡ್ದೆ."

"ಅವತ್ತು ನನ್ನ ಕರೀಬೇಕಿತ್ತಲ್ಲ!"

"ಕರದಿದ್ನಿರಿ, ಮರತ್ರೇನು? ದೀಪ ಹತ್ತವಲ್ದು, ಗಾಡಿ ತಗೀಬ್ಯಾಡ ಅಂದ್ರಿ. ಚಕ್ಕಡಿ ಹೂಡಿಸಿ ನನ್ನ ಕಳಿಸಿದ್ರಿ. ಮುಟ್ಟೋದ್ರಾಗ ತೀರಿದ್ಲು."

ಅಷ್ಟರಲ್ಲಿ ಹನುಮಸಾಗರದಿಂದ ಸೈಕಲ್ ತುಳಿದು ಬಂದವನೊಬ್ಬ ಅಂಗಳದಲ್ಲೇ ಕುಸಿದ. "ನನ್ನ ತಂಗಿ ಹುಲಿಗವ್ವ ನಿನ್ನಿಂದ ಬ್ಯಾನಿ ತಿಂತಾಳ್ರಿ. ಕೂಸಿನ ಕೈ ಹೊರಗ ಬಂದೈತಿ!"

ಅಮೀನ ಪೇಚಿಗೆ ಬಿದ್ದ. ಕಳವಿನ ಮಾಲು ಕೈಗೆ ಸಿಕ್ಕಿದೆ, ಬಿಚ್ಚಿದರೆ ಒಂದು ಜೀವ ಹೋದೀತು. "ಇದು ನಾಳೆ ತನಕ ಇಲ್ಲೇ ಇರ್ಲಿ," ಎಂದು ಗೊಣಗಿದ.

"ಬ್ಯಾಡ್ರಿ ಸಾಹೇಬ್ರ," ಎಂದರು ಫಾತಿಮಾಬೀ. "ಅವರದ್ದು ನೀವು ತಗೊಳ್ರಿ. ಎಣ್ಣಿ ಸೋರದಂಗ ನಮ್ಮ ಕೆಟ್ಟದ್ದು ನಮಗ ಕೊಡ್ರಿ. ಹನುಮಣ್ಣ, ದೀಪ ಇಲ್ಲದ ಹೊಡೀತೀಯೇನು?"

"ಕಿವಿ ಅದಾವ್ರಿ."

ಎರಡೂ ಹತ್ತಕ್ಕೆ ಗಾಡಿ ಹೊರಟಿತು. ಆರೋಪಿ ಚಕ್ರ ಹಿಡಿದಿದ್ದ, ಅವನ ಸೊಂಟದ ಹಗ್ಗ ಓಬಳೆಪ್ಪನ ಕೈಯಲ್ಲಿ, ಹಿಂದೆ ಡಾಕ್ಟರು ಮತ್ತು ಅಮೀನ. ದಾರಿ ಹದಿನಾರು ಮೈಲಿ. ಒಮ್ಮೆ ಹನುಮಣ್ಣ ಗಕ್ಕನೆ ನಿಲ್ಲಿಸಿ, ಇಂಜಿನ್ನಿಗೆ ಎಣ್ಣೆ ಸುರಿದು, ಕಿವಿಗೊಟ್ಟು ಕೇಳಿ ಮತ್ತೆ ಹೊರಟ. ನಾಲ್ಕೂ ಐದಕ್ಕೆ ಹನುಮಸಾಗರದ ಆ ಮನೆಯೊಳಗಿಂದ ಕೂಸಿನ ಅಳು ಕೇಳಿತು. ಓಬಳೆಪ್ಪ ಹಗ್ಗ ಬಿಟ್ಟು ಕುಣಿದೇಬಿಟ್ಟ. ಹನುಮಣ್ಣ ಎಲ್ಲಿಗೂ ಓಡಲಿಲ್ಲ, ಗಾಡಿಯ ಪಕ್ಕದಲ್ಲೇ ಕೂತು ಅತ್ತ.

ನಾಲ್ಕೂ ನಲವತ್ತಕ್ಕೆ ಆ ಮನೆಯ ಕಟ್ಟೆಯ ಮೇಲೆ ಹನುಮಣ್ಣನ ದಸ್ತಗಿರಿ ಬರೆದದ್ದಾಯಿತು. ಕೈ ತೊಳೆದು ಬಂದ ಡಾಕ್ಟರು ಅದನ್ನು ಎರಡು ಸಲ ಓದಿ, ತಮ್ಮದೂ ಒಂದು ಹೇಳಿಕೆ ಬರೆದುಕೊಳ್ಳಿ ಎಂದರು. ಶಫೀಸಾಬ ಬರೆದುಕೊಂಡ:

"ಜುಲೈ ಹದಿನಾಲ್ಕರಂದು ಆರೋಪಿ ನನ್ನ ಗಾಡಿ ಕೇಳಿದ್ದ. ದೀಪವಷ್ಟೇ ಹತ್ತುತ್ತಿರಲಿಲ್ಲ, ಇಂಜಿನ್ ಸರಿಯಾಗಿಯೇ ಇತ್ತು. ನಾನು ಕೊಡಲಿಲ್ಲ."